ತರಗು ಬೆಂಕಿ ಆರಿಸಿದವರು

ಶಾಲೆಯಲ್ಲಿ ನಮಗೆ ಕಲಿಸಿದ ಚರಿತ್ರೆಯಲ್ಲಿ ಕಾಡು ಇರಲಿಲ್ಲ. ಗಂಗರು ಬಂದರು, ಹೊಯ್ಸಳರು ಬಂದರು, ಒಡೆಯರು ಬಂದರು, ಬ್ರಿಟಿಷರು ಬಂದರು. ಕಾಡು ಮಾತ್ರ ದೊರೆಗಳು ಬೇಟೆಗೆ ಹೋಗುವ ಜಾಗವಾಗಿ ಒಂದು ಸಾಲಿನಲ್ಲಿ ಬಂದು ಹೋಯಿತು. ನಮ್ಮ ಕೇರಿಯೂ ಅದರಲ್ಲಿ ಇರಲಿಲ್ಲ ಅನ್ನಿ. ಬಿದ್ದೂ ಎದ್ದೂ ಓದಿ, ವಂಶಕ್ಕೇ ಮೊದಲನೆಯದಾದ ಒಂದು ಡಿಗ್ರಿ ತಂದು ಗೂಡಿನಲ್ಲಿಟ್ಟ ಮೇಲೆ ನಮಗೆ ಅರ್ಥವಾದದ್ದು ಇಷ್ಟು: ಯಾರಿಗೆ ಚರಿತ್ರೆ ಇಲ್ಲ ಅನ್ನುತ್ತಾರೋ ಅವರ ನೆಲಕ್ಕೆ ಪಹಣಿಯೂ ಇರುವುದಿಲ್ಲ.

ಅದಕ್ಕೇ ಇಲ್ಲಿ ಒಂದು ಬೆಟ್ಟದ ಚರಿತ್ರೆ ಬರೆಯುತ್ತಿದ್ದೇವೆ. ಯಳಂದೂರಿನಿಂದ ನೋಡಿದರೂ, ಕೊಳ್ಳೇಗಾಲದಿಂದ ನೋಡಿದರೂ, ಚಾಮರಾಜನಗರದಿಂದ ನೋಡಿದರೂ ಕಾಣುವ ಬಿಳಿಗಿರಿರಂಗನ ಬೆಟ್ಟ. ಈಚೆಗೆ ಪಟ್ಟಣದ ಸಭೆಗಳಲ್ಲಿ ‘ಜೀವವೈವಿಧ್ಯ’ ಎಂಬ ಮಾತು ಹೆಚ್ಚಾಗಿದೆ. ಅದರ ಬೆನ್ನಿಗೇ ‘ಸ್ಥಳೀಯರ ಸಹಭಾಗಿತ್ವ’ ಅನ್ನುವುದೂ ಬರುತ್ತದೆ. ನಮ್ಮ ಪ್ರಶ್ನೆ ಸಣ್ಣದು. ಯಾರ ಮನೆಯಲ್ಲಿ ಯಾರು ಸಹಭಾಗಿ? ಮನೆಯೊಡೆಯನನ್ನೇ ಜಗಲಿಯ ಮೇಲೆ ಕೂರಿಸಿ, ನಿನ್ನ ಅಭಿಪ್ರಾಯವನ್ನೂ ಕೇಳ್ತೀವಿ ಕಣಪ್ಪ ಅಂದರೆ ಅದಕ್ಕೆ ಏನು ಹೆಸರು?

ಈ ಬೆಟ್ಟ ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ಸೇತುವೆ ಕಟ್ಟಿದ ಹಾಗೆ ನಿಂತಿದೆ. ತಪ್ಪಲಲ್ಲಿ ಸುಮಾರು 600 ಮೀಟರಿಗೆ ಮುಳ್ಳಿನ ಕುರುಚಲು. ಹತ್ತುತ್ತಾ ಹೋದರೆ ಎಲೆ ಉದುರುವ ಕಾಡು. ಇನ್ನೂ ಮೇಲೆ, ಸುಮಾರು 1,800 ಮೀಟರಿನ ನೆತ್ತಿಯ ಹತ್ತಿರ ಹುಲ್ಲುಗಾವಲು, ಅದರ ಮಡಿಕೆಗಳಲ್ಲಿ ಸದಾ ತೇವ ಆರದ ಶೋಲಾ ಕಾಡು. ಬೆಳಿಗ್ಗೆ ಹೊರಟವನು ಸಂಜೆಯೊಳಗೆ ಇಷ್ಟನ್ನೂ ನಡೆದು ದಾಟಬಹುದು. ಒಂದೇ ಬೆಟ್ಟದಲ್ಲಿ ಇಷ್ಟು ಬಗೆಯ ಮರ, ಹುಳ, ಹಕ್ಕಿ, ಮೃಗ ಇರುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ ಪುಸ್ತಕದಲ್ಲಿ ಬರೆದಿಲ್ಲ. ಅದು ಸೋಲಿಗರು.

ಸೋಲಿಗರಿಗೆ ಬೆಟ್ಟದ ರಂಗಯ್ಯ ದೇವರಿಗಿಂತ ಮೊದಲು ಭಾವ. ತಮ್ಮ ಕುಲದ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದವನು ಎಂದು ಅವರ ಕಥೆ. ಆ ಭಾವ ಕಾಡು ತಿರುಗಲು ಎರಡು ವರ್ಷಕ್ಕೊಮ್ಮೆ ಬೂದಿತಿಟ್ಟಿನಿಂದ ದೊಡ್ಡ ಚರ್ಮದ ಚಪ್ಪಲಿ ಜೋಡು ಬರುತ್ತದೆ. ಅಂದರೆ ದೇವರ ಹೆಂಡತಿ ಆದಿವಾಸಿ, ದೇವರ ಕಾಲ ಚಪ್ಪಲಿ ಚರ್ಮ ಹದಮಾಡುವವರದು. ಮಿಕ್ಕದ್ದು ಮಾತ್ರ ಬೇರೆಯವರದು. ಮಲೆಯ ಮಾದಪ್ಪನ ಕಥೆ ಹಾಡುವ ದೇವರಗುಡ್ಡರ ಬಾಯಲ್ಲೂ ಸೋಲಿಗರ ನೀಲೇಗೌಡ, ಸಂಕಮ್ಮ ಬರುತ್ತಾರೆ, ಜೇನುಮಲೆ ಬರುತ್ತದೆ. ನಮ್ಮ ಮೇಷ್ಟ್ರು ಕಲಿಸದ ಚರಿತ್ರೆಯನ್ನು ಕಂಸಾಳೆಯವರು ರಾತ್ರಿಯಿಡೀ ಹೇಳುತ್ತಿದ್ದರು. ನಾವು ಕೇಳುತ್ತ ಕೇಳುತ್ತ ನಿದ್ದೆಹೋದೆವು, ಅಷ್ಟೆ.

ಬರಹದಲ್ಲಿ ಸೋಲಿಗರು ಕಾಣಿಸಿಕೊಳ್ಳುವುದು 1800ರಲ್ಲಿ. ಟಿಪ್ಪು ಬಿದ್ದ ಮರುವರ್ಷ, ಗೆದ್ದ ನೆಲದಲ್ಲಿ ಏನೇನು ಸಿಗುತ್ತದೆ ಎಂದು ಲೆಕ್ಕ ಹಾಕಲು ಕಂಪನಿಯವರು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಸುತ್ತಾಡಿಸಿದರು. ಅವನು ಸೋಲಿಗರ ಬಗ್ಗೆ ಬರೆದುಕೊಂಡ. ಮೈಮೇಲೆ ಬಟ್ಟೆ ಕಡಿಮೆ, ಬೆಂಕಿಯ ಸುತ್ತ ಬಾಳೆಎಲೆ ಹಾಸಿಕೊಂಡು ಮಲಗುತ್ತಾರೆ ಎಂದೆಲ್ಲ. ಅವನಿಗೆ ಕಂಡದ್ದು ಬಡತನ. ಆ ಬೆಂಕಿಯನ್ನು ಅವರು ಇನ್ನೆಲ್ಲಿ ಬಳಸುತ್ತಾರೆ ಎಂದು ಕೇಳುವ ಅಗತ್ಯ ಅವನಿಗೆ ಬರಲಿಲ್ಲ.

ಮುಂದೆ 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ದೊರೆ ಬಂದ. ಮೈಸೂರು ಸರ್ಕಾರಕ್ಕೆ ಆನೆ ಹಿಡಿದುಕೊಡುವ ಕೆಲಸ. 1874ರಲ್ಲಿ ಬೆಟ್ಟದ ತಪ್ಪಲಲ್ಲಿ ಖೆಡ್ಡಾ ಮಾಡಿ ಒಂದೇ ಸಲಕ್ಕೆ 50ಕ್ಕೂ ಹೆಚ್ಚು ಆನೆ ಕೆಡವಿದ. ಆನೆಯ ಜಾಡು ಹಿಡಿದು ಮುಂದೆ ನಡೆದವರು ಸೋಲಿಗರು. 1878ರಲ್ಲಿ ಲಂಡನ್ನಿನಲ್ಲಿ ಅವನ ಪುಸ್ತಕ ಅಚ್ಚಾಯಿತು. ಅದೇ 1878ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಹೊಸ ಅರಣ್ಯ ಕಾಯ್ದೆಯೂ ಬಂತು. ಕಾಡು ಸರ್ಕಾರದ್ದು, ಒಳಗಿರುವವನಿಗೆ ಇರುವುದು ಹಕ್ಕಲ್ಲ, ದಯೆಯಿಂದ ಬಿಟ್ಟುಕೊಟ್ಟ ರಿಯಾಯಿತಿ ಎಂಬ ತತ್ವ ಅಲ್ಲಿಂದ ಗಟ್ಟಿಯಾಯಿತು. ನಮ್ಮ ಬೆಟ್ಟ ಎರಡು ರಾಜ್ಯಗಳಿಗೆ ಹಂಚಿಹೋಗಿತ್ತು. ಕೊಳ್ಳೇಗಾಲದ ಕಡೆ ಮದ್ರಾಸಿಗೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, 1956ರವರೆಗೂ. ಆ ಕಡೆಗೆ 1882ರ ಮದ್ರಾಸ್ ಅರಣ್ಯ ಕಾಯ್ದೆ. ಈ ಕಡೆಗೆ 1900ರ ಮೈಸೂರು ಅರಣ್ಯ ರೆಗ್ಯುಲೇಷನ್. ದೊರೆಗಳು ಬೇರೆ ಬೇರೆ, ಬೀಗ ಒಂದೇ.

ಬೀಗ ಎಲ್ಲರಿಗೂ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಹೊನ್ನಮೇಟಿ, ಅತ್ತಿಖಾನೆ, ಬೇಡಗುಳಿಗಳಲ್ಲಿ ಬಿಳಿಯರ ಕಾಫಿ ತೋಟ ಎದ್ದಿತು. ಕಾಡು ಕಡಿದೇ ಎದ್ದಿತು. ಸೋಲಿಗ ಒಂದು ತುಂಡು ಜಾಗ ಸವರಿ, ಸುಟ್ಟು, ರಾಗಿ ಚೆಲ್ಲಿ, ಅದರೊಳಗೇ ಅವರೆ, ತೊಗರಿ, ಸಾಸಿವೆ, ಕುಂಬಳ ಬೆಳೆದು, ಎರಡು ಮೂರು ವರ್ಷಕ್ಕೆ ಆ ನೆಲವನ್ನು ಕಾಡಿಗೇ ಬಿಟ್ಟು ಮುಂದಕ್ಕೆ ಹೋದರೆ ಅದು ‘ಕುಮರಿ’, ಅದು ನಾಶ, ಅದು ಅಪರಾಧ. ದೊರೆ ಬೆಟ್ಟದ ಕೋಡನ್ನೇ ಬೋಳಿಸಿ ಕಾಫಿ ಇಟ್ಟರೆ ಅದು ಅಭಿವೃದ್ಧಿ. ಸೋಲಿಗ ಬಿಟ್ಟುಹೋದ ಕುಮರಿಯಲ್ಲಿ ಮತ್ತೆ ಕಾಡು ಎದ್ದಿತು. ದೊರೆಯ ತೋಟದ ಜಾಗದಲ್ಲಿ ಇವತ್ತಿಗೂ ಇರುವುದು ಕಾಫಿ.

1927ರಲ್ಲಿ ಮಹಾಡಿನ ಚೌದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಬೊಗಸೆಯಲ್ಲಿ ಎತ್ತಿದರು. ಅದೇ ವರ್ಷ ಭಾರತೀಯ ಅರಣ್ಯ ಕಾಯ್ದೆ ಹೊಸದಾಗಿ ಬರೆಸಿಕೊಂಡು ಬಂತು. ಒಂದು ಕಡೆ ಮುಟ್ಟಬೇಡ ಅಂದದ್ದನ್ನು ಮುಟ್ಟುವ ಹೋರಾಟ, ಇನ್ನೊಂದು ಕಡೆ ಮುಟ್ಟುತ್ತಿದ್ದವರಿಗೇ ಮುಟ್ಟಬೇಡ ಎನ್ನುವ ಕಾನೂನು. ಮಹಾಡಿನವರು ಬಾಯಾರಿಕೆಗೆ ನೀರು ಬೇಡಿದ್ದಲ್ಲ, ಹಕ್ಕು ಕೇಳಿದ್ದು. ಬೆಟ್ಟದ ಮಾತಿಗೂ ಇದನ್ನು ನೆನಪಿಟ್ಟುಕೊಳ್ಳಿ ಗೆಳೆಯರೇ. ಯಾಕೆಂದರೆ ಬೆಟ್ಟಕ್ಕೆ ಆಮೇಲೆ ಬಂದದ್ದೆಲ್ಲ ಬರೀ ನೀರು.

ಈಗ 1974ಕ್ಕೆ ಬರೋಣ. ಆ ವರ್ಷ ನಮ್ಮ ರಾಜ್ಯದಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು ಭೂಸುಧಾರಣೆ. ದೇವರಾಜ ಅರಸರ ಸರ್ಕಾರದ ತಿದ್ದುಪಡಿ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಹೊಲದೊಡೆಯ! ಅದರಲ್ಲಿ ಕೂಲಿಯವರಾದ ನಮ್ಮ ಕೇರಿಗಳಿಗೆ ಸಿಕ್ಕಿದ್ದು ಎಷ್ಟು, ಗೇಣಿ ಚೀಟಿ ಇದ್ದವರಿಗೆ ಸಿಕ್ಕಿದ್ದು ಎಷ್ಟು ಅನ್ನುವುದು ಬೇರೆಯೇ ಜಗಳ, ಅದನ್ನು ಇನ್ನೊಮ್ಮೆ ಆಡೋಣ. ಅದೇ 1974ರಲ್ಲಿ, ಅದೇ ಸರ್ಕಾರ, 1972ರ ವನ್ಯಜೀವಿ ಕಾಯ್ದೆಯನ್ನು ಹಿಡಿದು ಬಿಳಿಗಿರಿ ಬೆಟ್ಟವನ್ನು ಅಭಯಾರಣ್ಯ ಎಂದು ಸಾರಿತು. ಬೆಟ್ಟದ ಕೆಳಗೆ ಉಳುವವನು ಒಡೆಯನಾದ ವರ್ಷವೇ ಬೆಟ್ಟದ ಮೇಲೆ ಬಿತ್ತುವವನು ಅತಿಕ್ರಮಣದಾರನಾದ. ಎರಡೂ ಒಂದೇ ವಿಧಾನಸೌಧದಿಂದ ಇಳಿದು ಬಂದ ಆಜ್ಞೆಗಳು. ಆ ಕಾಲದ ಹೋರಾಟಗಾರರ ಪೈಕಿ ಎಷ್ಟು ಜನ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು? ನಮಗಂತೂ ಅಂಥ ಭಾಷಣ ಹೆಚ್ಚು ಕೇಳಿಬಂದಿಲ್ಲ. ಭೂಮಿ ಅಂದರೆ ಗದ್ದೆ, ಹೊಲ ಎಂದೇ ನಮ್ಮವರೂ ತಿಳಿದಿದ್ದರು.

ಕಾಡಿನೊಳಗೆ ಚದುರಿದ್ದ ಪೋಡುಗಳನ್ನು ಎಬ್ಬಿಸಿ ರಸ್ತೆಬದಿಗೆ, ಕಾಡಂಚಿಗೆ ತಂದು ಗುಡ್ಡೆ ಹಾಕಿದರು. ಕುಮರಿ ನಿಂತಿತು, ಬೇಟೆ ನಿಂತಿತು, ಬೆಂಕಿ ನಿಂತಿತು. 1987ರಲ್ಲಿ ಅಭಯಾರಣ್ಯವನ್ನು ಸುಮಾರು 540 ಚದರ ಕಿಲೋಮೀಟರಿಗೆ ಹಿಗ್ಗಿಸಿದರು.

ಬೆಂಕಿ ನಿಂತಿತು ಅಂದೆವಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ಈ ಬೆಟ್ಟದ ಚರಿತ್ರೆಯ ಗಂಟು ಅಲ್ಲಿದೆ.

ಸೋಲಿಗರ ಬಾಯಲ್ಲಿ ಅದಕ್ಕೆ ತರಗು ಬೆಂಕಿ ಎಂದು ಹೆಸರು. ಎಲೆ ಉದುರಿ ತರಗು ಒಣಗುತ್ತಿರುವಾಗ, ಆದರೆ ನೆಲದಲ್ಲೂ ಹುಲ್ಲಿನ ಬುಡದಲ್ಲೂ ಇನ್ನೂ ಪಸೆ ಇರುವಾಗ, ಬೇಸಿಗೆ ಏರುವುದಕ್ಕೆ ಮುಂಚೆ ಹಾಕುವ ಬೆಂಕಿ. ಅದು ಮೊಣಕಾಲೆತ್ತರಕ್ಕೂ ಏಳುವುದಿಲ್ಲ. ತರಗು ಸುಡುತ್ತದೆ, ಉಣ್ಣೆ ಸಾಯುತ್ತದೆ, ದೊಡ್ಡ ಮರದ ತೊಗಟೆ ಕಪ್ಪಾಗುತ್ತದೆ ಅಷ್ಟೆ. ಮಳೆ ಬಿದ್ದೊಡನೆ ಹೊಸ ಹುಲ್ಲು, ಹುಲ್ಲಿಗೆ ಜಿಂಕೆ, ಕಡವೆ, ಕಾಟಿ. ಒಂದು ವರ್ಷ ಇಲ್ಲಿ, ಇನ್ನೊಂದು ವರ್ಷ ಅಲ್ಲಿ. ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂದು ಹೇಳಲು ಯಜಮಾನ, ತಮ್ಮಡಿ ಇದ್ದರು. ಯಾಕೆಂದರೆ ಸೋಲಿಗರಿಗೆ ಕಾಡು ಅಂದರೆ ಒಂದೇ ಹಸಿರು ಮುದ್ದೆಯಲ್ಲ. ಒಂದೊಂದು ಕುಲಕ್ಕೆ ಒಂದೊಂದು ಎಲ್ಲೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಅಬ್ಬಿ, ಸತ್ತವರ ಕಲ್ಲುಗುಡಿ. ಸೋಲಿಗರ ಹಿರಿಯರು ಕಾಡು ನಡೆದು, ಸಿ. ಮಾದೇಗೌಡರಂಥ ಓದಿದ ಸೋಲಿಗರೂ ಸಂಶೋಧಕರೂ ಜೊತೆಗೂಡಿ ಇವುಗಳ ನಕ್ಷೆ ಬರೆದಾಗ ಐನೂರರ ಹತ್ತಿರ ತಾಣಗಳು ಸಿಕ್ಕವು. ಸರ್ಕಾರದ ನಕ್ಷೆಯಲ್ಲಿ ಕಂಪಾರ್ಟ್‌ಮೆಂಟ್ ನಂಬರು ಇರುವ ಜಾಗದಲ್ಲಿ ಇವರ ನಕ್ಷೆಯಲ್ಲಿ ಅಜ್ಜಿಯ ಹೆಸರಿದೆ.

ಗೆಣಸು ಕಿತ್ತರೆ ಬಳ್ಳಿಯ ತಲೆಯನ್ನು ಮತ್ತೆ ಮಣ್ಣಿಗೆ ಹೂಳಿ ಬರುವುದು, ಹೆಜ್ಜೇನಿನ ಹುಟ್ಟಿಯಲ್ಲಿ ಪಾಲು ಬಿಡುವುದು, ನೆಲ್ಲಿ ಕೊಂಬೆಯಲ್ಲಿ ಬಂದಳಿಕೆ ಕಂಡರೆ ಕಡಿದು ಹಾಕುವುದು. ಇವು ಯಾವ ಸಿಲಬಸ್ಸಿನಲ್ಲೂ ಇಲ್ಲ. ಇದನ್ನು ನಾವು ಹೊಗಳಿಕೆಗೆ ಹೇಳುತ್ತಿಲ್ಲ. ಆದಿವಾಸಿ ಅಂದರೆ ಕಾಡಿನ ಮುಗ್ಧ ಮಗು ಎಂದು ಪಟ್ಟಣದ ಕವಿಗಳು ಹಾಡುವುದು ನಮಗೆ ರೇಜಿಗೆ. ಇದು ಮುಗ್ಧತೆಯಲ್ಲ, ಕಸುಬು. ಚಪ್ಪಲಿ ಹೊಲಿಯುವವನಿಗೆ ಚರ್ಮದ ಹದ ಗೊತ್ತಿರುವ ಹಾಗೆ ಇವರಿಗೆ ಕಾಡಿನ ಹದ ಗೊತ್ತು. ಕಸುಬನ್ನು ಕೀಳೆಂದು ಕರೆದು, ಕಸುಬುದಾರನನ್ನು ಹೊರಗಿಟ್ಟು, ಕೊನೆಗೆ ಕಸುಬೇ ಸತ್ತ ಮೇಲೆ ವಸ್ತುಸಂಗ್ರಹಾಲಯ ಕಟ್ಟುವುದು ಈ ದೇಶಕ್ಕೆ ಹೊಸದಲ್ಲ.

ತರಗು ಬೆಂಕಿ ನಿಂತ ಮೇಲೆ ಏನಾಯಿತು? ಲಂಟಾನ ಬಂತು. ಅಮೆರಿಕ ಖಂಡದ ಮುಳ್ಳುಗಿಡ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷರು ಕಲ್ಕತ್ತದ ತೋಟಕ್ಕೆ ಅಂದಕ್ಕೆಂದು ತಂದದ್ದು. ಬೆಟ್ಟದಲ್ಲಿ ಅದು ಮೊದಲೂ ಇತ್ತು, ಅಂಚಿನಲ್ಲಿ, ಅಷ್ಟಿಷ್ಟು. ಎಳೆಯ ಗಿಡವನ್ನು ತರಗು ಬೆಂಕಿ ಸುಟ್ಟುಹಾಕುತ್ತಿತ್ತು ಅನ್ನುತ್ತಾರೆ ಸೋಲಿಗರು. ಬೆಂಕಿ ನಿಂತ ಮೇಲೆ ಅದಕ್ಕೆ ಅಡ್ಡಿಯೇ ಇಲ್ಲ. ಹಕ್ಕಿ ಹಣ್ಣು ತಿಂದು ಬೀಜ ಹರಡಿತು. ಸಂಶೋಧಕರು ಬೆಟ್ಟದ ಉದ್ದಗಲಕ್ಕೆ ಗುರುತು ಹಾಕಿದ ಜಾಗಗಳಲ್ಲಿ 1997ರಲ್ಲಿ ನೂರಕ್ಕೆ 41ರಲ್ಲಿ ಲಂಟಾನ ಇತ್ತು. 2008ರಲ್ಲಿ ಅದೇ ಜಾಗಗಳನ್ನು ಮತ್ತೆ ನೋಡಿದಾಗ 81ರಲ್ಲಿ ಇತ್ತು. ಹನ್ನೊಂದು ವರ್ಷಕ್ಕೆ ಇಮ್ಮಡಿ. ಲಂಟಾನದ ಕೆಳಗೆ ಹುಲ್ಲಿಲ್ಲ, ಗೆಣಸಿಲ್ಲ, ಮರದ ಸಸಿ ಮೇಲೇಳುವುದಿಲ್ಲ. ಇನ್ನು ಬೇಸಿಗೆಯ ನಡುವೆ ಬೆಂಕಿ ಬಿದ್ದರೆ ಅದು ಮೊಣಕಾಲೆತ್ತರದ ಬೆಂಕಿಯಲ್ಲ. ಒಣಗಿದ ಲಂಟಾನವನ್ನು ಏಣಿ ಮಾಡಿಕೊಂಡು ಮರದ ನೆತ್ತಿಗೇ ಏರುತ್ತದೆ. ಆಗ ಯಾರ ಮೇಲೆ ಬೆರಳು? ಸೋಲಿಗರ ಮೇಲೆ.

ಬಂದಳಿಕೆಯ ಕತೆಯೂ ಅಷ್ಟೆ. ಸೋಲಿಗರು ಉಪ್ಪಿಲು ಅನ್ನುತ್ತಾರೆ. ನೆಲ್ಲಿ ಮರದ ಮೇಲೆ ಕೂತು ಅದರ ರಸ ಹೀರಿ ಬದುಕುತ್ತದೆ. ಹತ್ತಿರ ಹೋಗುವವರಿಲ್ಲದೆ, ಕೊಂಬೆ ಕಡಿಯುವವರಿಲ್ಲದೆ, ಬೆಂಕಿಯ ಶಾಖವಿಲ್ಲದೆ ಉಪ್ಪಿಲು ಹೆಚ್ಚಿತು, ನೆಲ್ಲಿ ಒಣಗಿತು. ಸೋಲಿಗರು ಕಾಯಿ ಕಿತ್ತು ಕಿತ್ತು ನೆಲ್ಲಿ ಹಾಳಾಯಿತು ಎಂದು ಹೇಳುತ್ತಿದ್ದವರಿದ್ದರು. ಬೆಟ್ಟದಲ್ಲಿ ವರ್ಷಗಟ್ಟಲೆ ಕೂತು ಮರ ಎಣಿಸಿದ ವಿಜ್ಞಾನಿಗಳೇ ಕಾಯಿ ಕೀಳುವುದಕ್ಕಿಂತ ಉಪ್ಪಿಲು, ಲಂಟಾನಗಳ ಪೆಟ್ಟು ದೊಡ್ಡದು ಅಂದರು. ವಿಜ್ಞಾನ ಹೇಳಿದ ಮೇಲೆ ನಂಬಿದರು ಕೆಲವರು. ಮೊದಲು ಹೇಳಿದವರನ್ನು ನಂಬಲು ಅವರ ಹತ್ತಿರ ಡಿಗ್ರಿ ಇರಲಿಲ್ಲವಲ್ಲ.

ಬೆಂಕಿಯೊಂದೇ ಎಲ್ಲಕ್ಕೂ ಮದ್ದು ಅನ್ನುವವರು ನಾವಲ್ಲ. ಇವತ್ತು ಲಂಟಾನ ಆಳುದ್ದ ಬೆಳೆದು ನಿಂತಿರುವಾಗ ಕಡ್ಡಿ ಗೀರಿದರೆ ಬೆಟ್ಟವೇ ಹೋದೀತು. ಮೊದಲು ಬೇರುಸಮೇತ ಕೀಳಬೇಕು, ಹುಲ್ಲು ಬರಿಸಬೇಕು, ಆಮೇಲೆ ಬೆಂಕಿಯ ಮಾತು. ಎಲ್ಲಿಂದ ಶುರುಮಾಡಬೇಕು ಎಂದು ಹೇಳಬಲ್ಲ ಹಿರಿಯರು ಒಬ್ಬೊಬ್ಬರೇ ಕಣ್ಣುಮುಚ್ಚುತ್ತಿದ್ದಾರೆ. 1974ರಲ್ಲಿ ಇಪ್ಪತ್ತರ ಹರಯದಲ್ಲಿದ್ದು ತರಗು ಬೆಂಕಿ ಹಾಕಿದವನಿಗೆ ಈಗ ಎಪ್ಪತ್ತು ದಾಟಿದೆ. ಇನ್ನು ಹತ್ತು ವರ್ಷ ಹೋದರೆ ಕೇಳಲು ಯಾರಿರುತ್ತಾರೆ?

(ಲಂಟಾನದ ಕಡ್ಡಿಯಿಂದ ನೀಲಗಿರಿ ಸುತ್ತಿನ ಆದಿವಾಸಿಗಳು ನಿಜ ಗಾತ್ರದ ಆನೆಗಳನ್ನು ಹೆಣೆದರು. 2021ರಲ್ಲಿ ಅವು ಲಂಡನ್ನಿನ ಪಾರ್ಕುಗಳಲ್ಲಿ ನಿಂತವು. ಸ್ಯಾಂಡರ್ಸನ್ ಸಾಹೇಬನ ಪುಸ್ತಕ ಅಚ್ಚಾದ ಊರು. ಇಂಗ್ಲಿಷರು ತಂದ ಗಿಡ, ಆದಿವಾಸಿಗಳ ಕೈ, ಹೋಗಿ ಸೇರಿದ್ದು ಅಲ್ಲಿಗೇ.)

ನೆರವು ನೀಡಲು ಯಾರೂ ಬರಲೇ ಇಲ್ಲವೆಂದರೆ ಸುಳ್ಳಾಗುತ್ತದೆ. 1981ರಲ್ಲಿ ಡಾ. ಎಚ್. ಸುದರ್ಶನ್ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆ ಬಂತು, ಶಾಲೆ ಬಂತು, ಅಲ್ಲಿ ಓದಿದ ಮಕ್ಕಳೇ ಆಮೇಲೆ ಸಂಘ ಕಟ್ಟಿ ಮಾತಾಡಿದರು. ಕಿರು ಅರಣ್ಯ ಉತ್ಪನ್ನ ಕೊಳ್ಳಲು ಲ್ಯಾಂಪ್ಸ್ ಸಹಕಾರ ಸಂಘಗಳು ಬಂದವು. ಜೇನು, ನೆಲ್ಲಿ, ಸೀಗೆ, ಅಂಟುವಾಳ, ಅಳಲೆ, ಕಲ್ಲುಪಾಚಿ. 1990ರ ದಶಕದಲ್ಲಿ ಸೋಲಿಗರ ಕೈಗೆ ಬರುವ ಕಾಸಿನಲ್ಲಿ ಅರ್ಧಕ್ಕೂ ಹೆಚ್ಚು ಇದರಿಂದಲೇ. ಅದೇ ದಶಕದಲ್ಲಿ ಹೊರಗಿನ ನೆರವಿನಿಂದ ಜೇನು ಸಂಸ್ಕರಿಸುವ, ನೆಲ್ಲಿಯ ಉಪ್ಪಿನಕಾಯಿ ಹಾಕುವ ಘಟಕಗಳನ್ನೂ ತೆರೆದರು. ಕಾಡಿನಿಂದ ಲಾಭ ಬಂದರೆ ಕಾಡು ಕಾಯುತ್ತಾರೆ ಎಂಬ ಲೆಕ್ಕ. ಎಷ್ಟು ಕಿತ್ತೆವು, ಎಷ್ಟು ಬಿಟ್ಟೆವು ಎಂದು ಪೋಡಿನವರೇ ಕೂತು ಲೆಕ್ಕ ಇಡುವುದನ್ನೂ ಶುರುಮಾಡಿದರು. ಕೆಲಸ ಒಳ್ಳೆಯದೇ.

ಆದರೆ ಅಡಿಪಾಯ ಇರಲಿಲ್ಲ. ಜೇನಿನ ಬಾಟಲಿಗೆ ಲೇಬಲ್ ಅಂಟಿಸಿದರು, ಜೇನುಮರ ಯಾರದು ಎಂಬ ಪ್ರಶ್ನೆಗೆ ಕೈ ಹಾಕಲಿಲ್ಲ. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಯಿತು. ಅಭಯಾರಣ್ಯದಿಂದ ಮಾರಾಟಕ್ಕೆಂದು ಏನನ್ನೂ ತರಬಾರದು ಎಂದು ಅದನ್ನು ಓದಿದರು. 2006ರಲ್ಲಿ ಬೆಟ್ಟದಲ್ಲಿ ಸಂಗ್ರಹ ನಿಂತುಹೋಯಿತು. ಒಂದು ಆಜ್ಞೆಗೆ ವರ್ಷಗಟ್ಟಲೆ ಕಟ್ಟಿದ್ದು ಉದುರಿತು. ಅರ್ಧ ಆದಾಯ ಹೋದ ಸೋಲಿಗ ಎಲ್ಲಿಗೆ ಹೋದ? ಕಾಫಿ ತೋಟದ ಕೂಲಿಗೆ, ಊರ ಗೌಡರ ಗದ್ದೆಗೆ. ಅಲ್ಲಿ ನಮ್ಮ ಕೇರಿಯ ಹೆಣ್ಣಾಳುಗಳ ಪಕ್ಕದಲ್ಲೇ ಬಗ್ಗಿ ನಾಟಿ ಹಾಕಿದರು ಅವರ ಹೆಣ್ಣುಮಕ್ಕಳು. ಸ್ಥಳೀಯರಿಗೆ ಬೆಂಬಲ ಕೊಡುತ್ತೇವೆ ಎಂದು ಈಗಲೂ ಬರುವವರಿಗೆ ನಾವು ಈ 2006ನ್ನು ನೆನಪಿಸುತ್ತೇವೆ. ಹಕ್ಕಿಲ್ಲದವನಿಗೆ ಕೊಟ್ಟ ಅಂಗಡಿಯ ಬೀಗದ ಕೈ ಇನ್ನೊಬ್ಬನ ಜೇಬಿನಲ್ಲಿರುತ್ತದೆ.

ಅದೇ 2006ರ ಕೊನೆಗೆ ಪಾರ್ಲಿಮೆಂಟು ಅರಣ್ಯ ಹಕ್ಕು ಕಾಯ್ದೆಯನ್ನು ಪಾಸು ಮಾಡಿತು. ಚರಿತ್ರೆಯಲ್ಲಿ ಆದ ಅನ್ಯಾಯವನ್ನು ಸರಿಪಡಿಸಲು ಎಂದು ಕಾಯ್ದೆಯ ಪೀಠಿಕೆಯೇ ಹೇಳುತ್ತದೆ. ತಪ್ಪೊಪ್ಪಿಗೆಯನ್ನು ಕಾನೂನಿನೊಳಗೇ ಬರೆದ ಸರ್ಕಾರಗಳು ಕಡಿಮೆ. ಅದರ ಮೂರನೆಯ ಸೆಕ್ಷನ್ನಿನಲ್ಲಿ ಒಂದು ಹಕ್ಕಿದೆ: ತಾವು ಪರಂಪರೆಯಿಂದ ಕಾಯ್ದುಕೊಂಡು ಬಂದ ಕಾಡನ್ನು ರಕ್ಷಿಸುವ, ಮತ್ತೆ ಬೆಳೆಸುವ, ನಿರ್ವಹಿಸುವ ಹಕ್ಕು. ಐದನೆಯ ಸೆಕ್ಷನ್ನು ವನ್ಯಜೀವಿ, ಕಾಡು, ಜೀವವೈವಿಧ್ಯ ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಡುತ್ತದೆ. ‘ಸಹಭಾಗಿ’ ಅಲ್ಲ, ಅಧಿಕಾರ. ಮೇಷ್ಟ್ರುಗಳು ಇದನ್ನು ಕಪ್ಪುಹಲಗೆಯ ಮೇಲೆ ಬರೆದಿಡಬೇಕು.

ಕಾಗದದ ಮಾತು ನೆಲಕ್ಕೆ ಇಳಿಯಲು ಬಡಿದಾಡಬೇಕಾಯಿತು. 2011ರ ಜನವರಿಯಲ್ಲಿ ಬೆಟ್ಟವನ್ನು ಹುಲಿ ಮೀಸಲು ಎಂದು ಘೋಷಿಸಿದರು. ನಮ್ಮನ್ನು ಕೇಳಲಿಲ್ಲ ಎಂದು ಸೋಲಿಗರು ಪ್ರತಿಭಟಿಸಿದರು. ಹೊಸ ಎತ್ತಂಗಡಿಯ ಭಯ ಪೋಡುಗಳಲ್ಲಿ ಹರಡಿತು. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರ ಸಿಕ್ಕಿತು. ಹುಲಿ ಮೀಸಲಿನ ಒಳಗೆ ಹೀಗೆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಸಂಗ್ರಹ ಮತ್ತೆ ಶುರುವಾಯಿತು. ಹಕ್ಕು ಕೊಟ್ಟರೆ ಹುಲಿ ಉಳಿಯುವುದಿಲ್ಲ ಎಂದು ಭವಿಷ್ಯ ಹೇಳಿದ ಮಹನೀಯರು ಇದ್ದರು. ಲೆಕ್ಕ ಏನಾಯಿತು? 2010ರಲ್ಲಿ 35 ಇದ್ದ ಹುಲಿ 2014ರಲ್ಲಿ 68 ಎಂದು ಎಣಿಕೆಯಾಯಿತು. ಸೋಲಿಗರ ಹಕ್ಕುಪತ್ರದಿಂದಲೇ ಹುಲಿ ಹೆಚ್ಚಿತು ಎಂದು ನಾವು ಡಂಗುರ ಹೊಡೆಯುವುದಿಲ್ಲ. ಹುಲಿ ಹೆಚ್ಚುವುದಕ್ಕೆ, ಕಡಿಮೆಯಾಗುವುದಕ್ಕೆ ನೂರು ಕಾರಣ. ಸೋಲಿಗ ಇದ್ದರೆ ಹುಲಿ ಇರದು ಎಂಬ ಒಂದು ಮಾತು ಮಾತ್ರ ಸುಳ್ಳಾಯಿತು, ಅಷ್ಟು ಸಾಕು.

ವಿಜ್ಞಾನಿಗಳು ಈ ಬೆಟ್ಟದ ಒಂದು ಪುಟ್ಟ ಕಪ್ಪೆಗೆ 2000ದಲ್ಲಿ ಸೋಲಿಗರ ಹೆಸರಿಟ್ಟರು. 2022ರಲ್ಲಿ ಇಲ್ಲಿ ಸಿಕ್ಕ ಒಂದು ಕಣಜಕ್ಕೂ ಅವರ ಹೆಸರೇ. ಸಂತೋಷ. ಕಪ್ಪೆಗೆ ಸಿಕ್ಕಿದಷ್ಟು ಬೇಗ ಹೆಸರು ಪಹಣಿಗೂ ಸಿಕ್ಕಿದ್ದರೆ ಇನ್ನೂ ಸಂತೋಷ.

ಈಗ ಎಲ್ಲಿ ನಿಂತಿದೆ? ಹಕ್ಕುಪತ್ರ ಪೆಟ್ಟಿಗೆಯಲ್ಲಿದೆ, ಆಡಳಿತ ರೇಂಜ್ ಆಫೀಸಿನಲ್ಲಿದೆ. ಸೋಲಿಗರು ತಾವೇ ಕೂತು, ಸಂಶೋಧಕರ ನೆರವು ಪಡೆದು, ಹುಲಿಯನ್ನೂ ಕಾಡನ್ನೂ ಹೇಗೆ ಕಾಯಬೇಕೆಂದು ಯೋಜನೆ ಬರೆದಿದ್ದಾರೆ. ಅದರಲ್ಲಿ ಲಂಟಾನ ಕೀಳುವ ಮಾತಿದೆ, ಬೆಂಕಿಯ ಮಾತಿದೆ. ಇಲಾಖೆ ಮಾತ್ರ ತನ್ನ ಯೋಜನೆಯಂತೆ ತಾನು ನಡೆಯುತ್ತದೆ. ಲಂಟಾನ ಕೀಳುವ ಕೆಲಸಕ್ಕೆ ಸೋಲಿಗರನ್ನು ಕೂಲಿಗೆ ಕರೆಯುತ್ತಾರೆ. ಯಾವ ಜಾಗದಲ್ಲಿ ಮೊದಲು ಕೀಳಬೇಕು ಎಂದು ಹೇಳುವ ಕುರ್ಚಿಗೆ ಕರೆಯುವುದಿಲ್ಲ. ನಮಗೆ ಇದು ಚೆನ್ನಾಗಿ ಪರಿಚಯವಿರುವ ಏರ್ಪಾಡು. ಕೈ ಬೇಕು, ಬಾಯಿ ಬೇಡ.

ಬೇರೆ ಕಡೆ ಹೀಗೇ ಆಗಬೇಕಾಗಿರಲಿಲ್ಲ ಎಂಬುದಕ್ಕೆ ಮಹಾರಾಷ್ಟ್ರದ ಗಡಚಿರೋಲಿಯ ಮೇಂಢಾ ಲೇಖಾ ಎಂಬ ಗೊಂಡರ ಊರು ಸಾಕ್ಷಿ. 2009ರಲ್ಲಿ ಅವರಿಗೆ ಸುಮಾರು 1,800 ಹೆಕ್ಟೇರು ಕಾಡಿನ ಸಮುದಾಯ ಹಕ್ಕು ಸಿಕ್ಕಿತು. ಆದರೂ ಬಿದಿರು ಸಾಗಿಸಲು ಇಲಾಖೆ ರಹದಾರಿ ಕೊಡಲಿಲ್ಲ. ಹಟ ಹಿಡಿದರು. 2011ರ ಏಪ್ರಿಲಿನಲ್ಲಿ ಕೇಂದ್ರದ ಪರಿಸರ ಮಂತ್ರಿ ಜೈರಾಮ್ ರಮೇಶ್ ಆ ಊರಿಗೇ ಹೋಗಿ ರಹದಾರಿ ಪುಸ್ತಕವನ್ನು ಗ್ರಾಮಸಭೆಯ ಕೈಗೆ ಕೊಟ್ಟು ಬರಬೇಕಾಯಿತು. ಬಿದಿರು ಮಾರಿದ ದುಡ್ಡು ಗ್ರಾಮಸಭೆಯ ಖಾತೆಗೆ ಬಂತು. ಬೆಂಬಲ ಅಂದರೆ ಇಂಥದ್ದು. ರಹದಾರಿ ಪುಸ್ತಕ, ಬ್ಯಾಂಕಿನ ಖಾತೆ, ನಿರ್ಧಾರದ ಕುರ್ಚಿ. ತರಬೇತಿ ಶಿಬಿರದ ಬ್ಯಾಗು, ಪೆನ್ನು ಅಲ್ಲ.

ಪಂಚಾಯ್ತಿಗಳಿಗೆ ಇನ್ನೊಂದು ಕಾನೂನೂ ಇದೆ, 2002ರ ಜೀವವೈವಿಧ್ಯ ಕಾಯ್ದೆ. ಪ್ರತಿ ಪಂಚಾಯ್ತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಪ್ರತಿ ಸಮಿತಿಗೂ ಊರಿನ ಗಿಡ, ಪ್ರಾಣಿ, ತಿಳುವಳಿಕೆಗಳ ದಾಖಲೆ ಪುಸ್ತಕ. 2020ರ ಜನವರಿ 31ರೊಳಗೆ ಮುಗಿಸದಿದ್ದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಎಂದು ಹಸಿರು ನ್ಯಾಯಮಂಡಳಿ ಗದರಿಸಿದ ಮೇಲೆ ಪುಸ್ತಕಗಳು ದಡಬಡನೆ ಎದ್ದವು. ನಿಮ್ಮ ಪಂಚಾಯ್ತಿಯ ಪುಸ್ತಕವನ್ನು ತೆಗೆಸಿ ನೋಡಿ. ಅದರಲ್ಲಿ ನಿಮ್ಮ ಕೇರಿಯ ಮುದುಕಿಯನ್ನು ಯಾರಾದರೂ ಕೇಳಿ ಬರೆದ ಒಂದು ಸಾಲಾದರೂ ಇದೆಯೇ?

ಕೇರಿಯ ಮಾತು ಬಂತಲ್ಲ, ನಮ್ಮ ಪಾಲಿನದನ್ನೂ ಹೇಳಿಬಿಡುತ್ತೇವೆ. ಕಾಡಂಚಿನ ಹೊಲೆಗೇರಿ, ಮಾದಿಗರ ಕೇರಿಗಳ ಹೆಂಗಸರು ತಲೆತಲಾಂತರದಿಂದ ಸೌದೆಗೆ, ಸೊಪ್ಪಿಗೆ, ಕಸಪೊರಕೆ ಹುಲ್ಲಿಗೆ ಇದೇ ಕಾಡಿಗೆ ಹೋದವರು. ಗಾರ್ಡಿನ ಕಣ್ಣಿಗೆ ಬಿದ್ದರೆ ಕುಡುಗೋಲು ಅಲ್ಲೇ ಬಿಟ್ಟು ಬರಬೇಕು. ಅರಣ್ಯ ಹಕ್ಕು ಕಾಯ್ದೆಯಲ್ಲಿ ನಮ್ಮಂಥವರಿಗೆ ‘ಇತರೆ ಪಾರಂಪರಿಕ ಅರಣ್ಯವಾಸಿ’ ಎಂದು ಹೆಸರು. ಆದರೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದೆವೆಂದು ರುಜುವಾತು ಮಾಡಬೇಕು. 1930ರಲ್ಲಿ ನಮ್ಮ ಮುತ್ತಜ್ಜಿ ಇಲ್ಲೇ ಇದ್ದಳು ಎಂಬುದಕ್ಕೆ ಕಾಗದ ತರಬೇಕಂತೆ. ಕಾಗದ ಮುಟ್ಟಲು ಬಿಡದವರೇ ಕಾಗದ ಕೇಳುತ್ತಾರೆ. 2019ರ ಫೆಬ್ರವರಿಯಲ್ಲಿ ಅರ್ಜಿ ತಿರಸ್ಕೃತವಾದವರನ್ನೆಲ್ಲ ಕಾಡಿನಿಂದ ಹೊರಹಾಕಿ ಎಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿ, ದೇಶದ ತುಂಬ ಗಲಾಟೆಯೆದ್ದ ಮೇಲೆ ಅದೇ ತಿಂಗಳು ತಡೆಹಿಡಿಯಿತು. ತಿರಸ್ಕಾರ ಅಂದರೆ ಹೆಚ್ಚಿನ ಕಡೆ ಕಾಗದ ಸಾಲದು ಎಂಬ ಒಂದು ಸಾಲು.

ಇಲ್ಲಿ ಹಳ್ಳಿಯ ಮೇಷ್ಟ್ರುಗಳಿಗೆ, ಓದುವ ಹುಡುಗ ಹುಡುಗಿಯರಿಗೆ ಮಾಡುವಂಥ ಕೆಲಸ ಒಂದಿದೆ. ಕಾಯ್ದೆಯ ನಿಯಮಗಳಲ್ಲಿ 13ನೆಯದನ್ನು ಓದಿ. ಸಾಕ್ಷಿ ಎಂದರೆ ಸರ್ಕಾರಿ ದಾಖಲೆಯೊಂದೇ ಅಲ್ಲ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿ. ಹಳೆಯ ಬಾವಿ, ಸಮಾಧಿ, ದೇವರ ತಾಣ ಇವೂ ಸಾಕ್ಷಿ. ಪೋಡಿನ ಕಲ್ಲುಗುಡಿಯೂ ಸಾಕ್ಷಿ, ಕೇರಿಯ ಮಾರಿಗುಡಿಯೂ ಸಾಕ್ಷಿ. 2012ರ ತಿದ್ದುಪಡಿಯ ಪ್ರಕಾರ ಗ್ರಾಮಸಭೆಗೆ ಅರ್ಧದಷ್ಟು ಜನ ಕೂಡಬೇಕು, ಕೂಡಿದವರಲ್ಲಿ ಮೂರನೇ ಒಂದು ಪಾಲು ಹೆಂಗಸರು ಇರಬೇಕು. ಕೂಲಿ ಮುಗಿದ ಮೇಲೆ, ದೀಪ ಹಚ್ಚುವ ಹೊತ್ತಿಗೆ ಸಭೆ ಇಡಿ, ಆಗ ಬರುತ್ತಾರೆ. ಅಜ್ಜ ಹೇಳಿದ್ದನ್ನು ಅಜ್ಜ ಹೇಳಿದ ಮಾತಿನಲ್ಲೇ ಬರೆಯಿರಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಯಾವ ಎಲ್ಲೆ, ಯಾವ ಹಳ್ಳ, ಯಾವ ವರ್ಷ ಯಾವ ಕಡೆ ತರಗು ಸುಟ್ಟರು, ಯಾರು ಮುಂದೆ ನಿಂತರು, ಎಲ್ಲ ಇರಲಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಹೂಂ ಅಂದ ಮೇಲೆ ಹೆಬ್ಬೆಟ್ಟು ಒತ್ತಿಸಿ, ಗ್ರಾಮಸಭೆಯ ಪುಸ್ತಕದಲ್ಲಿ ಸೇರಿಸಿ. ಒಂದು ಪ್ರತಿ ಶಾಲೆಯ ಬೀರುವಿನಲ್ಲಿ ಇಟ್ಟುಕೊಳ್ಳಿ, ಇನ್ನೊಂದನ್ನು ಹೇಳಿದವರ ಮನೆಗೆ ಕೊಡಿ.